ಒಂದು ನೋಡ್ ಕಳೆದುಹೋದರೆ ಇಡೀ ತೋಟದ ಸೆನ್ಸರ್ ಕೀ ಬದಲಿಸಬೇಕಾ?

ಪ್ರಶ್ನೆ: ಸಕಲೇಶಪುರದ ಕಡೆ ನಮ್ಮ ಕಾಫಿ ತೋಟ ಇದೆ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಎರಡು ವರ್ಷದ ಹಿಂದೆ ಲೋರಾವಾನ್ (ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೋ ಪದ್ಧತಿ) ಸೆನ್ಸರ್ ಹಾಕಿಸಿದೆವು. ಮಣ್ಣಿನ ತೇವ, ಎಲೆ ತೇವ, ಮಳೆ ಅಳೆಯುವ 140 ನೋಡ್‌ಗಳಿವೆ. ಸ್ಪ್ರಿಂಕ್ಲರ್ ಪಂಪು, ವಾಲ್ವ್ ನಡೆಸಲು 6 ಕಂಟ್ರೋಲರ್, ಗುಡ್ಡದ ಮೇಲೆ ನೋಡ್‌ಗಳ ಸಿಗ್ನಲ್ ಹಿಡಿದು ಸರ್ವರ್‌ಗೆ ದಾಟಿಸುವ 2 ಗೇಟ್‌ವೇ. ಹೋದ ತಿಂಗಳು ಆನೆ ಬಂದು ಮೂರು ಕಂಬ ಕಿತ್ತು ಹಾಕಿತು. ಎರಡು ನೋಡ್ ಸಿಕ್ಕವು, ಒಂದು ಸಿಗಲೇ ಇಲ್ಲ. ಅದನ್ನು ಲಿಸ್ಟಿನಿಂದ ತೆಗೆಯೋಣ ಅಂತ ಸರ್ವರ್ ತೆರೆದಾಗ ಗೊತ್ತಾಯಿತು, ಎಲ್ಲದಕ್ಕೂ ಒಂದೇ ಆ್ಯಪ್‌ಕೀ (ನೋಡಿನ ಮೂಲ ರಹಸ್ಯ ಸಂಖ್ಯೆ) ಹಾಕಿದ್ದಾರೆ. ಕಣಿವೆ ಕಡೆಯ 30 ನೋಡ್ ಸರಿಯಾಗಿ ಜಾಯಿನ್ ಆಗುತ್ತಿರಲಿಲ್ಲ (ಸರ್ವರ್‌ಗೆ ಸೇರಿಕೊಳ್ಳುತ್ತಿರಲಿಲ್ಲ) ಅಂತ ಅವನ್ನು ಜಾಯಿನ್ ಬೇಕಿಲ್ಲದ ಎಬಿಪಿ ಪದ್ಧತಿಗೆ ಹಾಕಿದ್ದಾರಂತೆ. ಹಾಕಿಕೊಟ್ಟವರನ್ನು ಕೇಳಿದರೆ "ಎಇಎಸ್-128 ಸಾರ್, ಮಿಲಿಟರಿ ಲೆವೆಲ್, ಯಾರಿಂದಲೂ ಒಡೆಯೋಕಾಗಲ್ಲ" ಅನ್ನುತ್ತಾರೆ. ಬಿಇ ಓದುತ್ತಿರುವ ಅಣ್ಣನ ಮಗ "ಕೀ ಪೂಲ್ ಪದ್ಧತಿ ಹಾಕಬೇಕು, ತಿಂಗಳಿಗೊಮ್ಮೆ ಕೀ ಬದಲಿಸಬೇಕು" ಅನ್ನುತ್ತಾನೆ. ನಿಜಕ್ಕೂ ಹೆದರಬೇಕಾ? 140 ನೋಡನ್ನೂ ಇಳಿಸಬೇಕಾ? ಬರುವ ವಾರ ಬ್ಯಾಟರಿ ಬದಲಿಸಲು ಜನ ಹೇಳಿಟ್ಟಿದ್ದೇವೆ, ಅದರ ಜೊತೆಗೇ ಏನಾದರೂ ಮಾಡಬಹುದಾ?

ಉತ್ತರ: ಮೊದಲು ಬ್ಯಾಟರಿ ಬದಲಿಸುವವರಿಗೆ ಫೋನ್ ಮಾಡಿ, ಒಂದು ವಾರ ತಡೆಯಲು ಹೇಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಸದ್ಯಕ್ಕೆ ಯಾವ ನೋಡನ್ನೂ ರೀಸೆಟ್ ಮಾಡಬೇಡಿ.

ನಿಮ್ಮ ಭಯದಲ್ಲಿ ಮೂರು ವಿಷಯ ಸೇರಿಕೊಂಡಿವೆ. ಯಾರಾದರೂ ನಿಮ್ಮ ಡೇಟಾ ಓದಬಹುದು, ಸುಳ್ಳು ಡೇಟಾ ಕಳಿಸಬಹುದು, ಪಂಪು ಚಾಲೂ ಮಾಡಬಹುದು. ಮೂರಕ್ಕೂ ಒಂದೇ ತೂಕ ಇಲ್ಲ. ನಿಮ್ಮ ಮಣ್ಣಿನ ತೇವ ಶೇಕಡಾ 22 ಅಂತ ಊರಿಗೆಲ್ಲ ಗೊತ್ತಾದರೂ ನಷ್ಟವೇನಿಲ್ಲ. ಸುಳ್ಳು ಡೇಟಾ ಬೇರೆ ಮಾತು. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡುವ ಹೊತ್ತಿಗೆ ಒಣ ಮಣ್ಣನ್ನು "ಒದ್ದೆ" ಅಂತ ತೋರಿಸಿ ಪಂಪು ಅರ್ಧಕ್ಕೇ ನಿಂತರೆ ಆ ವರ್ಷದ ಫಸಲಿಗೇ ಪೆಟ್ಟು. ಇನ್ನು ವಾಲ್ವ್ ಕಂಟ್ರೋಲರ್ ಬೇರೆಯವರ ಮಾತು ಕೇಳಿದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಹಾಗಾಗಿ ನಿಮ್ಮ ಕೆಲಸ ಆ ಆರು ಡಬ್ಬಗಳಿಂದ ಶುರುವಾಗಬೇಕು, 140 ನೋಡ್‌ಗಳಿಂದಲ್ಲ.

ಈಗ "ಮಿಲಿಟರಿ ಲೆವೆಲ್" ಮಾತಿಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ಡೇಟಾವನ್ನು ಗುಟ್ಟಾಗಿಸುವ ಎಇಎಸ್-128 ಅನ್ನೋ ಗಣಿತದ ಬೀಗವನ್ನು ನೇರವಾಗಿ ಒಡೆದವರು ಇಲ್ಲ. ಕೀ ಗೊತ್ತಿಲ್ಲದೆ ಸುಳ್ಳು ಪ್ಯಾಕೆಟ್ ಕಳಿಸುವುದೂ ಸುಲಭವಲ್ಲ. ಪ್ರತಿ ಲೋರಾವಾನ್ ಪ್ಯಾಕೆಟ್ಟಿನ ಕೊನೆಗೆ 4 ಬೈಟಿನ ಪರೀಕ್ಷಾ ಸಂಖ್ಯೆ ಇರುತ್ತದೆ. ಅದನ್ನು ಊಹಿಸಲು ಸುಮಾರು 429 ಕೋಟಿ ಸಾಧ್ಯತೆ. ಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತಾ ಕೂತರೂ ಎಲ್ಲ ಮುಗಿಯಲು 136 ವರ್ಷ ಬೇಕು. ಆದರೆ ಒಡೆಯುವವರು ಯಾರೂ ಗಣಿತದ ಕಡೆಯಿಂದ ಬರುವುದಿಲ್ಲ. ಕೀ ಎಲ್ಲಿ ಇಟ್ಟಿದ್ದೀರೋ ಅಲ್ಲಿಗೇ ಬರುತ್ತಾರೆ.

ಕೀ ಇರುವುದು ನೋಡಿನ ಚಿಪ್ಪಿನ ಫ್ಲ್ಯಾಶ್ ಮೆಮೊರಿಯಲ್ಲಿ. ನಿಮ್ಮಲ್ಲಿ ಸ್ಪೇರ್ ನೋಡ್ ಇದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ನೋಡಿ. ಬೋರ್ಡಿನ ಅಂಚಿನಲ್ಲಿ ಸಾಲಾಗಿ ನಾಲ್ಕೈದು ಸಣ್ಣ ತೂತು ಅಥವಾ ಪಿನ್ ಇರುತ್ತವೆ. ಕಾರ್ಖಾನೆಯಲ್ಲಿ ಪ್ರೋಗ್ರಾಂ ಹಾಕಲು ಬಿಟ್ಟ ಜಾಗ ಅದು. ಎಸ್‌ಟಿಎಂ32 ಜಾತಿಯ ಚಿಪ್ ಆಗಿದ್ದರೆ ಎಸ್‌ಟಿ-ಲಿಂಕ್ ಅನ್ನೋ ಪೆನ್‌ಡ್ರೈವ್ ಗಾತ್ರದ ಸಾಧನದಿಂದ ನಾಲ್ಕು ವೈರ್ ಎಳೆದು, ಲ್ಯಾಪ್‌ಟಾಪಿನಲ್ಲಿ "ರೀಡ್" ಒತ್ತಿದರೆ ಫ್ಲ್ಯಾಶ್ ಪೂರ್ತಿ ಫೈಲ್ ಆಗಿ ಇಳಿಯುತ್ತದೆ. ಚಿಪ್ ತಯಾರಕರು ಇದನ್ನು ತಡೆಯುವ ಲಾಕ್ ಕೊಟ್ಟಿರುತ್ತಾರೆ, ಅದನ್ನು ಹಾಕುವುದು ಬಿಡುವುದು ನೋಡ್ ಮಾಡುವವರ ಕೈಲಿ. ಅಗ್ಗದ ನೋಡ್‌ಗಳು ತೆರೆದೇ ಬಂದಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇದು ಹೊಸ ಸಂಗತಿಯೂ ಅಲ್ಲ. ಆ ಕಾಲದ ಹೆಸರಾಂತ ಮೈಕಾ2 ನೋಡಿನಿಂದ ಒಂದು ನಿಮಿಷದೊಳಗೆ ಎಲ್ಲವನ್ನೂ ಹೊರತೆಗೆಯಬಹುದು ಅಂತ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು 2005ರಲ್ಲೇ ತೋರಿಸಿದ್ದರು.

ಒಂದು ನೋಡಿನ ಕೀ ಹೋದರೆ ಒಂದು ನೋಡ್ ಹೋಯಿತು, ಅಷ್ಟೇ ಆಗಬೇಕು. ನಿಮ್ಮಲ್ಲಿ ಹಾಗಿಲ್ಲ. ಎಸ್ಟೇಟಿನ ಲೈನ್ ಮನೆಗಳಿಗೆಲ್ಲ ಒಂದೇ ಬೀಗದ ಕೈ ಕೊಟ್ಟ ಹಾಗಾಗಿದೆ. ದೊಡ್ಡ ಕಂಪನಿಗಳೂ ಈ ಗುಂಡಿಗೆ ಬಿದ್ದಿವೆ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆ ಮತ್ತು ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರು ಫಿಲಿಪ್ಸ್ ಹ್ಯೂ ಸ್ಮಾರ್ಟ್ ಬಲ್ಬಿನಿಂದ ಅದರ ಫರ್ಮ್‌ವೇರ್ (ಸಾಧನದೊಳಗಿನ ಪ್ರೋಗ್ರಾಂ) ಕೀ ಹೊರತೆಗೆದರು. ಚಿಪ್ಪು ಕೆಲಸ ಮಾಡುವಾಗ ಎಳೆಯುವ ಕರೆಂಟಿನ ಏರಿಳಿತ ಅಳೆದೇ ಕೀ ಹಿಡಿದಿದ್ದರು. ಆ ಜಾತಿಯ ಬಲ್ಬಿಗೆಲ್ಲ ಅದೇ ಕೀ ಇತ್ತು. ಅಂಥ ಬಲ್ಬುಗಳು ಮಾತಾಡುವ ಜಿಗ್‌ಬೀ ಅನ್ನೋ ರೇಡಿಯೋ ಪದ್ಧತಿಯ ಕಥೆ ಇನ್ನೂ ಮಜಾ. ಅದರ ಡಿಫಾಲ್ಟ್ ಕೀಗೆ 16 ಅಕ್ಷರ ಬೇಕಿತ್ತು, "ಜಿಗ್‌ಬೀ ಅಲಯನ್ಸ್" ಅಂತ ಸಂಸ್ಥೆಯ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದು ಕೊನೆಗೆ 09 ಸೇರಿಸಿದರು!

ನಿಮ್ಮ ಆ್ಯಪ್‌ಕೀ 2ಬಿ 7ಇ 15 16 28 ಎಇ ಅಂತ ಶುರುವಾಗುತ್ತದಾ? ಒಮ್ಮೆ ನೋಡಿ. ಹೌದಾದರೆ ಕಳೆದುಹೋದ ನೋಡಿನ ಚಿಂತೆಯೇ ಬೇಡ, ಅದು ಲೋಕಕ್ಕೆಲ್ಲ ಗೊತ್ತಿರುವ ಕೀ. ಎಇಎಸ್ ಮಾನಕದ ದಾಖಲೆಯಲ್ಲಿ ಉದಾಹರಣೆಗೆ ಕೊಟ್ಟ ಕೀ ಅದು. ಅಲ್ಲಿಂದ ಲೋರಾ ಚಿಪ್ಪಿನ ಸ್ಯಾಂಪಲ್ ಕೋಡಿಗೆ ಬಂತು, ಸ್ಯಾಂಪಲ್ ಕೋಡಿನಿಂದ ಎಷ್ಟೋ ನೋಡ್‌ಗಳಿಗೆ ಹಾಗೇ ಇಳಿಯಿತು.

ಈಗ ಬ್ಯಾಟರಿ ವಿಷಯ. ಆ್ಯಪ್‌ಕೀ ಸಿಕ್ಕಿದವರಿಗೆ ಎಲ್ಲವೂ ತಕ್ಷಣ ಸಿಕ್ಕಿಬಿಡುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ನೋಡ್ ಚಾಲೂ ಆದಾಗ ಒಮ್ಮೆ ಸರ್ವರ್ ಜೊತೆ "ಜಾಯಿನ್" ಮಾತುಕತೆ ನಡೆಸುತ್ತದೆ. ನೋಡ್ ಒಂದು ಸಂಖ್ಯೆ ಕಳಿಸುತ್ತದೆ, ಸರ್ವರ್ ಇನ್ನೊಂದು ಕಳಿಸುತ್ತದೆ. ಆ್ಯಪ್‌ಕೀ ಮತ್ತು ಈ ಎರಡು ಸಂಖ್ಯೆ ಸೇರಿಸಿ ಎರಡೂ ಕಡೆ ಸೆಷನ್ ಕೀ ತಯಾರಾಗುತ್ತದೆ. ಆಮೇಲೆ ದಿನನಿತ್ಯದ ಡೇಟಾ ಹೋಗುವುದು ಈ ಸೆಷನ್ ಕೀಯಲ್ಲಿ. ಅಂದರೆ ಆ್ಯಪ್‌ಕೀ ಕದ್ದವನು ಆ ಜಾಯಿನ್ ಮಾತುಕತೆಯನ್ನೂ ಗಾಳಿಯಲ್ಲಿ ಹಿಡಿದಿರಬೇಕು. ನಿಮ್ಮ ಹೆಚ್ಚಿನ ನೋಡ್‌ಗಳು ಎರಡು ವರ್ಷದ ಹಿಂದೆ ಜಾಯಿನ್ ಆದವು. ಆ ದಿನ ಯಾರೂ ರೇಡಿಯೋ ಹಿಡಿದು ಕೂತಿರಲಿಲ್ಲ, ಅಲ್ವಾ? ಹಾಗಾಗಿ ಅವುಗಳ ಈಗಿನ ಸೆಷನ್ ಇನ್ನೂ ಭದ್ರವಾಗಿದೆ.

ಬ್ಯಾಟರಿ ತೆಗೆದು ಹಾಕಿದ ಕೂಡಲೇ ಸಾಮಾನ್ಯವಾಗಿ ನೋಡ್ ಹೊಸದಾಗಿ ಜಾಯಿನ್ ಆಗುತ್ತದೆ. ಎಬಿಪಿಯವು ಬಿಟ್ಟು ಉಳಿದ ನೂರಕ್ಕೂ ಹೆಚ್ಚು ನೋಡ್ ಒಂದೇ ವಾರದಲ್ಲಿ, ಹಳೇ ಆ್ಯಪ್‌ಕೀಯಲ್ಲಿ ಜಾಯಿನ್ ಆದರೆ, ಕೀ ಹಿಡಿದವನೊಬ್ಬ ಗುಡ್ಡದ ಆಚೆ ರಿಸೀವರ್ ಇಟ್ಟುಕೊಂಡು ಎಲ್ಲ ಸೆಷನ್ ಕೀಯನ್ನೂ ಕೂತಲ್ಲೇ ಲೆಕ್ಕ ಹಾಕಬಹುದು. ಅದಕ್ಕೇ ತಡೆಯಿರಿ ಅಂದಿದ್ದು.

ಕೇಳಿಸಿಕೊಳ್ಳುವುದಲ್ಲದೆ ಅವನು ವೇಷವನ್ನೂ ಹಾಕಬಹುದು. ಪ್ರತಿ ನೋಡಿನ ಗುರುತಿನ ಸಂಖ್ಯೆಯಾದ ಡೆವ್‌ಇಯುಐ ಸ್ಟಿಕ್ಕರಿನ ಮೇಲೇ ಇರುತ್ತದೆ, ಜಾಯಿನ್ ಆಗುವಾಗ ಗಾಳಿಯಲ್ಲೂ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಅದನ್ನು ಹಾಕಿಕೊಂಡು "ನಾನೇ 57ನೇ ನೋಡ್" ಅಂತ ಅವನು ಜಾಯಿನ್ ಆಗಿ ಒಂದು ಪ್ಯಾಕೆಟ್ ಕಳಿಸಿದರೆ ಸರ್ವರ್ ಹೊಸ ಸೆಷನ್ನಿಗೆ ಹೊರಳುತ್ತದೆ. ನಿಜವಾದ 57ನೇ ನೋಡ್ ಕಳಿಸಿದ್ದೆಲ್ಲ ಕಸಕ್ಕೆ. ನಿಮಗೆ ಡ್ಯಾಶ್‌ಬೋರ್ಡಿನಲ್ಲಿ ಏನೂ ಗೊತ್ತಾಗುವುದಿಲ್ಲ, ಅಂಕಿ ಬರುತ್ತಲೇ ಇರುತ್ತದೆ. ಗೊತ್ತಾಗುವುದು ಜಾಯಿನ್ ಲಾಗ್‌ನಲ್ಲಿ ಮಾತ್ರ. ಬ್ಯಾಟರಿ ಮುಟ್ಟದ ನೋಡ್ ಇದ್ದಕ್ಕಿದ್ದ ಹಾಗೆ ಜಾಯಿನ್ ಆಗಿದ್ದರೆ ಅನುಮಾನ ಪಡಿ.

ಆನೆ ಕಿತ್ತ ನೋಡಿನ ಡೆವ್‌ಇಯುಐಯನ್ನು ಸರ್ವರ್‌ನಿಂದ ಅಳಿಸಬೇಡಿ. ಎಲ್ಲರೂ ಅಳಿಸುತ್ತಾರೆ, ನಾನು ಬೇಡ ಅನ್ನುತ್ತೇನೆ. ಅದರ ಸೆಷನ್ ರದ್ದು ಮಾಡಿ, ಸರ್ವರ್ ಕಡೆ ಅದರ ಆ್ಯಪ್‌ಕೀ ಜಾಗದಲ್ಲಿ ಯಾವುದಾದರೂ ಬೇರೆ ಕೀ ತುಂಬಿ, ಅಲರ್ಟ್ ಇಡಿ. ಯಾರಾದರೂ ಅದನ್ನು ಚಾಲೂ ಮಾಡಿದರೆ ಜಾಯಿನ್ ವಿಫಲವಾಗುತ್ತದೆ, ಆದರೆ ಲಾಗ್‌ನಲ್ಲಿ ಕಾಣುತ್ತದೆ. ಯಾವ ಗೇಟ್‌ವೇಗೆ ಎಷ್ಟು ಜೋರಾಗಿ ಕೇಳಿಸಿತು ಅನ್ನುವುದರಿಂದ ಎಲ್ಲಿದೆ ಅಂತ ಅಂದಾಜೂ ಸಿಗುತ್ತದೆ. ಅದರ ಕೊನೆಯ ಪ್ಯಾಕೆಟ್ ಯಾವತ್ತು ಬಂತು ಅಂತಲೂ ನೋಡಿ. ಆನೆ ಬಂದ ರಾತ್ರಿಯೇ ನಿಂತಿದ್ದರೆ ಅದು ಕೆಸರಿನಲ್ಲಿ ಹೂತಿರುವ ಸಾಧ್ಯತೆಯೇ ಜಾಸ್ತಿ. ಆನೆಗಂತೂ ನಿಮ್ಮ ಕೀ ಬೇಡ.

ನನಗೆ ನಿಮ್ಮ ಪತ್ರದಲ್ಲಿ ಕಳೆದುಹೋದ ನೋಡಿಗಿಂತ ಜಾಸ್ತಿ ಕಳವಳ ತಂದದ್ದು ಆ 30 ಎಬಿಪಿ ನೋಡ್. ಎಬಿಪಿಯಲ್ಲಿ ಜಾಯಿನ್ ಇಲ್ಲ, ಸೆಷನ್ ಕೀಯನ್ನೇ ನೋಡಿನೊಳಗೆ ಶಾಶ್ವತವಾಗಿ ಬರೆದಿರುತ್ತಾರೆ. ಹಳೇ ಪ್ಯಾಕೆಟ್ಟನ್ನು ಯಾರಾದರೂ ರೆಕಾರ್ಡ್ ಮಾಡಿ ಮತ್ತೆ ಬಿಡದಂತೆ ಕಾಯುವುದು ಒಂದು ಕೌಂಟರ್. ಪ್ರತಿ ಪ್ಯಾಕೆಟ್ಟಿಗೂ ಅದು ಒಂದೊಂದೇ ಏರುತ್ತದೆ, ಕಡಿಮೆ ಸಂಖ್ಯೆ ಬಂದರೆ ಸರ್ವರ್ ಒಪ್ಪುವುದಿಲ್ಲ. ತೊಂದರೆ ಏನೆಂದರೆ ಸುಮಾರು ನೋಡ್‌ಗಳು ಈ ಕೌಂಟರನ್ನು ಉಳಿಸಿಕೊಳ್ಳುವುದಿಲ್ಲ. ಬ್ಯಾಟರಿ ತೆಗೆದರೆ ಮತ್ತೆ ಸೊನ್ನೆಯಿಂದ ಶುರು. ಸರ್ವರ್ ಒಪ್ಪುವುದಿಲ್ಲ, ಡೇಟಾ ನಿಲ್ಲುತ್ತದೆ, ತೋಟದವರು ಫೋನ್ ಮಾಡುತ್ತಾರೆ. ಹಾಕಿಕೊಟ್ಟವರು ಆಫೀಸಿನಲ್ಲೇ ಕೂತು ಸರ್ವರ್‌ನಲ್ಲಿ "ಕೌಂಟರ್ ಪರೀಕ್ಷೆ ಬೇಡ" ಅನ್ನುವ ಬಾಕ್ಸಿಗೆ ಟಿಕ್ ಹಾಕಿಬಿಡುತ್ತಾರೆ. ಡೇಟಾ ಬರುತ್ತದೆ, ಎಲ್ಲರಿಗೂ ಖುಷಿ.

ಆ ಟಿಕ್ ಬಿದ್ದ ಮೇಲೆ ಕೀ ಕದಿಯುವುದೇ ಬೇಡ. ಜುಲೈ ಮಳೆಯಲ್ಲಿ ಒದ್ದೆ ಮಣ್ಣಿನ ಪ್ಯಾಕೆಟ್ ರೆಕಾರ್ಡ್ ಮಾಡಿ ಫೆಬ್ರವರಿಯಲ್ಲಿ ಬಿಟ್ಟರೆ ಸರ್ವರ್ ನಂಬುತ್ತದೆ. ಒಳಗೇನಿದೆ ಅಂತ ಓದಲು ಬರದಿದ್ದರೂ ಆಗುತ್ತದೆ. ಇವತ್ತೇ ಸರ್ವರ್ ತೆರೆದು 30 ನೋಡಿಗೂ ಆ ಟಿಕ್ ಇದೆಯಾ ನೋಡಿ. ಇದ್ದರೆ ಆ ನೋಡ್‌ಗಳ ಮಾತು ಕೇಳಿ ಪಂಪು ತಾನಾಗಿ ನಡೆಯುವ ಏರ್ಪಾಟನ್ನು ನಿಲ್ಲಿಸಿ, ಸದ್ಯಕ್ಕೆ ಕೈಯಲ್ಲೇ ನಡೆಸಿ. ಕಣಿವೆಯಲ್ಲಿ ಜಾಯಿನ್ ಆಗುತ್ತಿಲ್ಲ ಅಂದರೆ ಅದು ಸಿಗ್ನಲ್ ಸಮಸ್ಯೆ, ಅದಕ್ಕೆ ಇನ್ನೊಂದು ಸಣ್ಣ ಗೇಟ್‌ವೇ ಮದ್ದು. ಎಬಿಪಿ ಅಲ್ಲ.

ನಿಮ್ಮ ಅಣ್ಣನ ಮಗ ಹೇಳಿದ್ದಕ್ಕೂ ಉತ್ತರ ಕೊಡಬೇಕು. ಹುಡುಗ ಸರಿಯಾದದ್ದನ್ನೇ ಓದಿದ್ದಾನೆ, ಆದರೆ ಅದು ಬೇರೆ ಥರದ ನೆಟ್‌ವರ್ಕಿಗೆ ಬರೆದದ್ದು. ಪಕ್ಕದ ನೋಡ್ ಮೂಲಕ ಹಾಯಿಸಿ ಹಾಯಿಸಿ ಡೇಟಾ ಕಳಿಸುವ ಮೆಶ್‌ಗಳಲ್ಲಿ ಯಾರು ಯಾರ ಪಕ್ಕ ಬೀಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಪ್ರತಿ ಜೋಡಿಗೂ ಬೇರೆ ಕೀ ಕೊಟ್ಟರೆ 140 ನೋಡಿಗೆ 9,730 ಕೀ ಆಗುತ್ತವೆ, ಒಂದೊಂದು ನೋಡಿನಲ್ಲಿ 139. ಅಂದರೆ 2,224 ಬೈಟ್. ಮೈಕಾ2ರಲ್ಲಿ ಇದ್ದ ರ‍್ಯಾಮ್ 4 ಕೆಬಿ, ಅದರ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಗುತ್ತಿತ್ತು. ಅದಕ್ಕೆ 2002ರಲ್ಲಿ ಎಶೆನೌವರ್ ಮತ್ತು ಗ್ಲಿಗೋರ್ ಅನ್ನೋ ಸಂಶೋಧಕರು ಒಂದು ಜಾಣ ದಾರಿ ಹೇಳಿದರು, ಅದೇ ಕೀ ಪೂಲ್. ದೊಡ್ಡ ರಾಶಿಯಿಂದ ಪ್ರತಿ ನೋಡಿಗೂ ಮನಸ್ಸಿಗೆ ಬಂದಂತೆ ಒಂದಷ್ಟು ಕೀ ಹೆಕ್ಕಿ ಕೊಡಿ, ಪಕ್ಕದವನ ಹತ್ತಿರವೂ ಅದೇ ಕೀ ಸಿಕ್ಕರೆ ಮಾತಾಡಲಿ ಅಂತ. 10,000 ಕೀ ರಾಶಿಯಿಂದ 83 ಹೆಕ್ಕಿದರೆ ಸಾಕು, ಯಾವುದೇ ಎರಡು ನೋಡಿಗೆ ಒಂದಾದರೂ ಕೀ ಸಮನಾಗಿರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಚಂದದ ಲೆಕ್ಕ. ಆದರೆ ಒಂದು ನೋಡ್ ಕಳ್ಳನ ಕೈಗೆ ಸಿಕ್ಕರೆ 83 ಕೀ ಒಟ್ಟಿಗೆ ಹೋಗುತ್ತವೆ, ಅವು ಬೇರೆಯವರ ಮಾತಿಗೂ ಬಳಕೆಯಲ್ಲಿರುತ್ತವೆ.

ನಿಮ್ಮ ಲೋರಾವಾನ್‌ನಲ್ಲಿ ನೋಡ್ ನೋಡಿನ ಜೊತೆ ಮಾತಾಡುವುದೇ ಇಲ್ಲ. ಎಲ್ಲವೂ ಗೇಟ್‌ವೇ ಮೂಲಕ ಸರ್ವರ್ ಜೊತೆ ಮಾತ್ರ. 140 ನೋಡಿಗೆ 140 ಕೀ ಸಾಕು, ಪೂಲ್ ಬೇಡವೇ ಬೇಡ. ತಿಂಗಳಿಗೊಮ್ಮೆ ಬದಲಿಸುವುದೂ ಅಷ್ಟೇ. ಮೂಲ ಕೀ ಎಲ್ಲದಕ್ಕೂ ಒಂದೇ ಇರುವಾಗ ಸೆಷನ್ ಕೀ ಎಷ್ಟು ಸಲ ಬದಲಿಸಿದರೂ ಲಾಭವಿಲ್ಲ. ಉಲ್ಟಾ ಪ್ರತಿ ಬದಲಾವಣೆಯೂ ಕೇಳಿಸಿಕೊಳ್ಳುವವನಿಗೆ ಒಂದು ಹೊಸ ಅವಕಾಶ.

ಹಾಗಾದರೆ ಏನು ಮಾಡಬಹುದು? ಆರು ವಾಲ್ವ್ ಕಂಟ್ರೋಲರಿನ ಬಗ್ಗೆ ಆಯ್ಕೆಯೇ ಇಲ್ಲ. ಕೇಬಲ್ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಕೀ ಬರೆಯಿರಿ. ಒಂದು ದಿನದ ಕೆಲಸ. ಪಂಪಿಗೆ ಸತತವಾಗಿ ಇಂತಿಷ್ಟು ಗಂಟೆಗಿಂತ ಜಾಸ್ತಿ ಓಡಬಾರದು ಅಂತ ಕಂಟ್ರೋಲರಿನಲ್ಲೇ ಮಿತಿ ಹಾಕಿಸಿ. ಕೀ ಹೋದರೂ ಮೋಟರ್ ಉಳಿಯುತ್ತದೆ.

ಉಳಿದ ನೋಡ್‌ಗಳಿಗೆ ಎರಡು ದಾರಿ ಇವೆ. ಒಂದು, ಗಾಳಿಯಲ್ಲೇ ಹೊಸ ಕೀ ಕಳಿಸುವುದು. ಇದಕ್ಕೆ ನೋಡಿನ ಫರ್ಮ್‌ವೇರಿನಲ್ಲಿ ಅಂಥ ಕಮ್ಯಾಂಡ್ ಇರಬೇಕು, ಎಲ್ಲದರಲ್ಲೂ ಇರುವುದಿಲ್ಲ, ಕೇಳಿ ನೋಡಿ. ಹೊಸ ಕೀ ಹಳೇ ಸೆಷನ್ನಿನೊಳಗೆ ಹೋಗುತ್ತದೆ, ಹಾಗಾಗಿ ಆ ಸೆಷನ್ ಯಾರಿಗೂ ಗೊತ್ತಿಲ್ಲದಿದ್ದರೆ ಮಾತ್ರ ಇದು ಸುರಕ್ಷಿತ. ಜಾಯಿನ್ ಲಾಗ್ ತೆಗೆದು, ಆನೆ ಬಂದ ದಿನದಿಂದೀಚೆಗೆ ಜಾಯಿನ್ ಆದ ನೋಡ್‌ಗಳನ್ನು ಬೇರೆ ಬರೆದಿಡಿ. ಅವುಗಳಿಗೆ ಕೇಬಲ್ಲೇ ಗತಿ. ಮತ್ತೆ ಸಿಕ್ಕ ಆ ಎರಡು ನೋಡ್‌ಗಳೂ ಇದೇ ಲಿಸ್ಟಿಗೆ. ಎಬಿಪಿಯವೂ ಅಷ್ಟೇ. ಉಳಿದವಕ್ಕೆ ಗಾಳಿಯಲ್ಲಿ ಕಳಿಸಬಹುದು, ಆದರೆ ಒಟ್ಟಿಗೆ ಬೇಡ. ಬ್ಯಾಟರಿ ನೋಡ್‌ಗಳು ತಾವು ಕಳಿಸಿದ ಮೇಲೆ ಒಂದೆರಡು ಕ್ಷಣ ಮಾತ್ರ ಕಿವಿ ತೆರೆಯುತ್ತವೆ. ದೂರದ ನೋಡಿಗೆ ಒಂದು ಸಂದೇಶ ಕಳಿಸಲು ಒಂದೂವರೆ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ, ಆಗ ಆ ಗೇಟ್‌ವೇಗೆ ಬೇರೆ ಯಾರದೂ ಕೇಳಿಸುವುದಿಲ್ಲ. ಹತ್ತರ ಹತ್ತರ ಗುಂಪಿನಲ್ಲಿ ಮಾಡಿ. ನೋಡ್ ಹೊಸ ಕೀಯಲ್ಲಿ ಜಾಯಿನ್ ಆಗಿ ತೋರಿಸುವ ತನಕ ಹಳೆಯದರ ಪ್ರತಿ ಇಟ್ಟುಕೊಂಡಿರಿ. ಅರ್ಧಂಬರ್ಧ ಬರೆದ ಕೀ ಕಳ್ಳನಿಗಿಂತ ದೊಡ್ಡ ತಲೆನೋವು, ಆ ನೋಡ್ ಪೂರ್ತಿ ಮೂಕವಾಗುತ್ತದೆ.

ಇನ್ನೊಂದು ದಾರಿ, ಬ್ಯಾಟರಿಗೆ ಹೋಗುವ ಜನರ ಜೊತೆ ಲ್ಯಾಪ್‌ಟಾಪ್ ಇರುವ ಒಬ್ಬರನ್ನು ಕಳಿಸುವುದು. ಡಬ್ಬ ಹೇಗೂ ಬಿಚ್ಚುತ್ತೀರಿ. ಬ್ಯಾಟರಿ ತೆಗೆದು, ಕೇಬಲ್ಲಿನಿಂದ ಕರೆಂಟ್ ಕೊಟ್ಟು ಹೊಸ ಕೀ ಬರೆದು, ಆಮೇಲೆ ಹೊಸ ಬ್ಯಾಟರಿ. ನಿಧಾನ, ಕೂಲಿ ಜಾಸ್ತಿ, ಕಾಲಿಗೆ ಜಿಗಣೆ ಹತ್ತುತ್ತದೆ. ಆದರೆ ಎಬಿಪಿ ನೋಡ್‌ಗಳನ್ನೂ ಇದೇ ಸುತ್ತಿನಲ್ಲಿ ಜಾಯಿನ್ ಪದ್ಧತಿಗೆ ತರಬಹುದು, ಚಿಪ್ಪಿನ ಲಾಕನ್ನೂ ಹಾಕಬಹುದು. ನನ್ನನ್ನು ಕೇಳಿದರೆ ಬ್ಯಾಟರಿ ಇನ್ನೂ ಎರಡು ಮೂರು ವಾರ ಬರುವ ಹಾಗಿದ್ದರೆ ಇದೇ ಒಳ್ಳೆಯದು.

ಏನೂ ಮಾಡದೆ ಲಾಗ್ ನೋಡುತ್ತಾ ಕೂರುವುದೂ ಒಂದು ಆಯ್ಕೆಯೇ, ಡೇಟಾ ಬರೀ ನೋಡುವುದಕ್ಕೆ ಇದ್ದಿದ್ದರೆ. ನಿಮ್ಮಲ್ಲಿ ಪಂಪು ಸೇರಿಕೊಂಡಿದೆ, ಹಾಗಾಗಿ ಬೇಡ.

ಹೊಸ ಕೀಗಳನ್ನು ಎಲ್ಲಿಂದ ತರುವುದು? ಕೆಲವರು ಒಂದು ಮಾಸ್ಟರ್ ಕೀ ಇಟ್ಟು ಅದರಿಂದ ಡೆವ್‌ಇಯುಐ ಸೇರಿಸಿ ಲೆಕ್ಕ ಹಾಕಿ ಪ್ರತಿ ನೋಡಿನ ಕೀ ತೆಗೆಯುತ್ತಾರೆ. ಲಿಸ್ಟ್ ಇಡುವ ಕೆಲಸ ತಪ್ಪುತ್ತದೆ, ಆದರೆ ಮಾಸ್ಟರ್ ಸೋರಿದರೆ ಇವತ್ತಿನದೇ ಪರಿಸ್ಥಿತಿ. ಲಕ್ಷಗಟ್ಟಲೆ ನೋಡ್ ಮಾಡುವ ಕಂಪನಿಗೆ ಅದು ಸರಿ. 140ಕ್ಕೆ ಕಂಪ್ಯೂಟರಿನಲ್ಲಿ 140 ಯಾದೃಚ್ಛಿಕ ಕೀ ತಯಾರಿಸಿದರೆ ಸಾಕು. ಆ ಲಿಸ್ಟ್ ಎಕ್ಸೆಲ್ ಫೈಲ್ ಆಗಿ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಬಾರದು, ಅಷ್ಟೇ. ನನ್ನ ಅನುಭವದಲ್ಲಿ ನೋಡ್ ಒಡೆದು ಕೀ ಕದ್ದದ್ದು ಅಪರೂಪ. ಹಳೇ ಟೆಕ್ನೀಷಿಯನ್ ಫೋನಿನಲ್ಲಿ ಉಳಿದ ಫೈಲು, ಡಬ್ಬದ ಸ್ಟಿಕ್ಕರಿನ ಮೇಲೆ ಮುದ್ರಿಸಿದ ಆ್ಯಪ್‌ಕೀ, ಇವೇ ಜಾಸ್ತಿ. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ ಎರಡು ಪೆನ್‌ಡ್ರೈವ್, ನಾಲ್ಕು ತೋಟದವರಲ್ಲಿ ಇಬ್ಬರ ಬೀರುವಿನಲ್ಲಿ, ಪಾಸ್‌ವರ್ಡ್ ಬೇರೆ ಕಡೆ. ಹಾಕಿಕೊಟ್ಟವರ ಹತ್ತಿರ ಪ್ರತಿ ಇರಬೇಕಾದ ಅಗತ್ಯವಿಲ್ಲ. ಸರ್ವರ್ ಅವರದೇ ಆಗಿದ್ದರೆ ಮಾತ್ರ ಆ ವಿಷಯ ಕಾಗದದಲ್ಲಿ ಬರೆಸಿಕೊಳ್ಳಿ.

ಮುಂದೆ ನೋಡ್ ಕೊಳ್ಳುವಾಗ "ಎಇಎಸ್ ಇದೆಯಾ" ಅಂತ ಕೇಳಬೇಡಿ, ಎಲ್ಲದರಲ್ಲೂ ಇರುತ್ತದೆ. ಒಂದೊಂದಕ್ಕೂ ಬೇರೆ ಕೀ ಬರುತ್ತದಾ, ಆ ಕೀಯನ್ನು ನಾವೇ ಬದಲಿಸಬಹುದಾ, ಚಿಪ್ಪಿನ ಓದುವ ಲಾಕ್ ಹಾಕಿದ್ದೀರಾ ಅಂತ ಕೇಳಿ. ಈ ಲಾಕನ್ನೂ ಕೆಲವು ಚಿಪ್ಪುಗಳಲ್ಲಿ ಲ್ಯಾಬಿನವರು ಮುರಿದು ತೋರಿಸಿದ್ದಾರೆ, ಆದರೂ ದಾರಿಯಲ್ಲಿ ಸಿಕ್ಕ ನೋಡನ್ನು ಮನೆಗೆ ಒಯ್ದು ಕೆದಕುವವನನ್ನು ಅದು ತಡೆಯುತ್ತದೆ. ವಾಲ್ವ್ ಕಂಟ್ರೋಲರಿಗೆ ಮಾತ್ರ ಸೆಕ್ಯೂರ್ ಎಲಿಮೆಂಟ್ ಇರುವುದನ್ನೇ ಕೇಳಿ. ಮೈಕ್ರೋಚಿಪ್‌ನ ಎಟಿಇಸಿಸಿ608 ಅಂಥದ್ದು. ಅದರಲ್ಲಿ ಕೀ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ, ಲೆಕ್ಕವೆಲ್ಲ ಒಳಗೇ. ಮಣ್ಣಿನ ತೇವ ಅಳೆಯುವ ನೋಡಿಗೆ ಅದರ ಖರ್ಚು ಬೇಕಾಗಿಲ್ಲ.